ಕಟ್ಟಿಟ್ಟ ಸಾಲು

ಆ ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಭಾಮ ನಾಲ್ಕು ಬೆರಳು ಬೆಳೆದಿದ್ದಳು. ಬಚ್ಚಲಿನಿಂದ ಹೊರಗೆ ಬರುವಾಗ ಬಾಗಿಲಿನ ಮೇಲ್ಪಟ್ಟಿಗೆ ಹಣೆ ತಾಗಿಸಿಕೊಂಡು, "ಇವತ್ತೂ ಹಾಕಿದ್ಯಾ ದೊಡ್ಡಮ್ಮ?" ಎಂದು ಕೇಳಿದಳು. ನಾನು ದೋಸೆ ಮಗುಚುವುದರಲ್ಲಿ ಮುಳುಗಿಹೋದವಳಂತೆ ನಟಿಸಿದೆ. ಹಾಕಿದವಳು ನಾನೇ. ನಮ್ಮೂರಿಗೆ ಇರುವ ಒಂದೇ ಪತ್ರಿಕೆ 'ಊರಗಣ್ಣು'. ಅದರ ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷದಿಂದ ಮೊಳೆ ಜೋಡಿಸುತ್ತಿರುವ ಪಂಕಜಾಕ್ಷಿ ನಾನು. ಒಂದೊಂದೇ ಸೀಸದ ಅಕ್ಷರವನ್ನು ಹೆಕ್ಕಿ ಸಾಲು ಮಾಡಿ ಕೂರಿಸುವುದು ನನ್ನ ಕೆಲಸ. ಭಾಮ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಆರು ವರ್ಷದ ಕೂಸಾಗಿ ನನ್ನ ಮನೆಗೆ ಬಂದಳು, ಈಗ ಹತ್ತೊಂಬತ್ತು. ಹೆಸರಿಗೆ ದೊಡ್ಡಮ್ಮ ನಾನು, ಅವಳ ಜಡೆಗೆ ಎಣ್ಣೆ ಹಚ್ಚಬೇಕಾದರೆ ಸ್ಟೂಲು ಹತ್ತಬೇಕು.

ಪತ್ರಿಕೆ ಯಾರ ಮೇಲೆ ಬೆರಳು ತೋರಿಸುತ್ತದೋ ಅವರು ನಮ್ಮೂರಿನಲ್ಲಿ ಬೆಳೆಯುತ್ತಾರೆ. ಬೆಳಿಗ್ಗೆ ಆರಕ್ಕೆ ಪತ್ರಿಕೆ ಮನೆಮನೆಗೆ ಬೀಳುತ್ತದೆ, ಏಳಕ್ಕೆ ಜನ ಓದಲು ಕೂರುತ್ತಾರೆ, ಓದಿದವರು ಹೆಚ್ಚಿದಂತೆಲ್ಲ ಇವರೂ ಹೆಚ್ಚುತ್ತಾ ಒಂಬತ್ತಕ್ಕೆ ನಾಲ್ಕು ಬೆರಳಿಗೆ ಬಂದು ನಿಲ್ಲುತ್ತಾರೆ. ಬರೀ ಉದ್ದವಲ್ಲ, ಭುಜ, ಪಾದ, ಮೂಗು ಎಲ್ಲವೂ ಅದಕ್ಕೆ ತಕ್ಕಂತೆ. ಸುದ್ದಿಯಿಲ್ಲದ ದಿನ ಒಂದು ಬೆರಳು ಇಳಿಯುತ್ತಾರೆ. 'ಯುವಕರು' ಎಂದು ಅಚ್ಚಾದರೆ ಹದಿನೈದರಿಂದ ಇಪ್ಪತ್ತೈದರವರೆಗಿನ ಎಲ್ಲರೂ ಬೆಳೆಯುತ್ತಾರೆ. ಯುವಕರು ಅಂದರೆ ಗಂಡುಹುಡುಗರು ಮಾತ್ರ ಎಂದು ಹುಡುಗಿಯರು ವಾದ ಮಾಡಿ ನೋಡಿದರು. ಬೆಳೆಯುವ ಮೂಳೆ ವ್ಯಾಕರಣ ಕೇಳಲಿಲ್ಲ.

ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ದರ್ಜಿಗಳು ಪ್ಯಾಂಟಿಗೂ ಲಂಗಕ್ಕೂ ಒಂದು ಗೇಣು ಬಟ್ಟೆಯನ್ನು ಒಳಗೆ ಮಡಿಚಿ ಹೊಲಿಯುತ್ತಾರೆ, ಅದಕ್ಕೆ ಸುದ್ದಿಮಡಿಕೆ ಅಂತಲೇ ಹೆಸರು. ಗಂಡಿನ ಫೋಟೊ ಕೈಗೆ ಬಂದರೆ ಹೆಣ್ಣಿನ ಕಡೆಯವರು ಅದನ್ನು ತೆಗೆಸಿದ ತಾರೀಖು ಕೇಳಿ, ಆ ದಿನದ ಪತ್ರಿಕೆ ತರಿಸಿ ಲೆಕ್ಕ ಹಾಕುತ್ತಾರೆ. ತಾಯಂದಿರಿಗೆ ನುಗ್ಗೆಕಾಯಿ ಕೀಳಲು ದೋಟಿ ಬೇಕಾಗಿಲ್ಲ, ಅಟ್ಟದ ಮೇಲಿನ ಹಂಡೆ ಇಳಿಸಲು ಏಣಿ ಬೇಕಾಗಿಲ್ಲ. ಮಕ್ಕಳೂ ನಗುನಗುತ್ತಲೇ ಇರುತ್ತಾರೆ, ಬಸ್ಸಿನಲ್ಲಿ ತಲೆ ಬಗ್ಗಿಸಿ ನಿಂತು ಒಬ್ಬರ ಮೇಲೊಬ್ಬರು ಬೀಳುತ್ತಾ. ಆದರೆ ಏಳಡಿಯ ಆಸಾಮಿ ಎದುರಿಗೆ ಬಂದರೆ ಯಾರಿಗಾದರೂ ಎದೆ ಒಂದು ಸಲ ಝಲ್ ಅನ್ನುತ್ತದೆ. ಅಂಗಡಿಯವರು ಚಕ್ಕುಲಿಯ ಡಬ್ಬಿಯನ್ನು ಒಳಗೆ ಸರಿಸುತ್ತಾರೆ, ಹೆಂಗಸರು ಕೈಚೀಲವನ್ನು ಕಂಕುಳಿಗೆ ಸೇರಿಸುತ್ತಾರೆ. ಇಷ್ಟು ದೊಡ್ಡದಾಗಿ ಬೆಳೆದವರು ಏನೂ ಮಾಡದೆ ಇದ್ದಾರೆಯೇ ಎಂದು ಹಿರಿಯರು ಪತ್ರಿಕೆಗೆ ಕಾಗದ ಬರೆಯುತ್ತಾರೆ. ಆ ಕಾಗದವನ್ನೂ ನಾನೇ ಜೋಡಿಸುತ್ತೇನೆ, ಮಾರನೆಯ ದಿನ ಹುಡುಗರು ಇನ್ನೂ ದೊಡ್ಡದಾಗುತ್ತಾರೆ.

ಈಗ ನನ್ನ ತಪ್ಪಿನ ವಿಷಯ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಒಂದು ದಿನ ಯಾರದೋ ಮನೆಯ ಎರಡು ಕೋಳಿ ಕಾಣೆಯಾಗಿದ್ದವು. ಸುದ್ದಿ ಜೋಡಿಸಿದೆ, ತಲೆಬರಹ ಇರಲಿಲ್ಲ. ಸಂಪಾದಕ ಚಂದ್ರಮೌಳಿಯವರು ಊಟಕ್ಕೆ ಹೊರಟಿದ್ದರು. "ತಲೆಬರಹ ಏನ್ ಹಾಕ್ಲಿ ಸಾರ್?" ಅಂದೆ. "ಕಾಲಂ ತುಂಬೋ ಹಾಗೆ ಏನಾದ್ರೂ ಹಾಕಿ ಪಂಕಜಾಕ್ಷಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಹೊತ್ತಿಗೆ ಬೀದಿಯಲ್ಲಿ ನಾಲ್ಕು ಹುಡುಗರು ಜೋರಾಗಿ ನಗುತ್ತಾ ಹೋದರು, ನಾನು 'ಯುವಕರ ಕೈವಾಡ ಶಂಕೆ' ಎಂದು ಜೋಡಿಸಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕಾಲಂನಲ್ಲಿ ಕೂತಿತು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಆಯಾ ಖಾನೆಗೆ ಹಾಕಬೇಕು, ಅದು ನಿಯಮ. ನನಗೆ ಬೇಜಾರು. ಅಷ್ಟು ಚೆನ್ನಾಗಿ ಕೂತ ಸಾಲು, ನಾಳೆಗೂ ಬೇಕಾದೀತು ಎಂದು ದಾರ ಸುತ್ತಿ ಮೂಲೆಯಲ್ಲಿಟ್ಟೆ. ನಾಳೆಗೆ ನಿಜವಾಗಿಯೂ ಬೇಕಾಯಿತು. ಕೋಳಿ ಕಾಡುಬೆಕ್ಕಿನ ಬಾಯಿಗೆ ಹೋಗಿತ್ತು ಅಂತ ವಾರದ ಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಆ ಸಾಲು ಇನ್ನೂ ಮೂರು ಸುದ್ದಿಗಳ ತಲೆಯ ಮೇಲೆ ಕೂತು ಎದ್ದಾಗಿತ್ತು. ಕಟ್ಟಿಟ್ಟ ಸಾಲು ಹನ್ನೆರಡು ವರ್ಷವೂ ಬಿಚ್ಚಿಕೊಳ್ಳಲಿಲ್ಲ. ದಾರ ಮಾತ್ರ ಏಳೆಂಟು ಸಲ ಬದಲಾಯಿಸಿದ್ದೇನೆ.

ಆ ಶನಿವಾರದ ಸುದ್ದಿ ಸೈಕಲ್ ಬೆಲ್ಲಿನದು. ಮಾರ್ಕೆಟ್ಟಿನ ಸೈಕಲ್ ಸ್ಟ್ಯಾಂಡಿನಲ್ಲಿ ಯಾರೋ ಎರಡು ಬೆಲ್ಲುಗಳ ಮೇಲಿನ ಬಟ್ಟಲುಗಳನ್ನು ತಿರುಪಿ ಬಿಚ್ಚಿಕೊಂಡು ಹೋಗಿದ್ದರು. ಭಾನುವಾರ ಇನ್ನೆರಡು, ಸೋಮವಾರ ಇನ್ನೆರಡು. ಬೆಲ್ಲು ಕಳೆದುಕೊಂಡವರೆಲ್ಲ ಬಾಯಲ್ಲೇ 'ಟ್ರಿಣ್ ಟ್ರಿಣ್' ಎಂದು ಕೂಗಿಕೊಂಡು ಓಡಾಡತೊಡಗಿದರು. ದಿನಾ ಸುದ್ದಿ, ದಿನಾ ಅದೇ ಸಾಲು, ದಿನಾ ನಾಲ್ಕು ಬೆರಳು.

ಬೇರೆ ಯಾವ ವಾರವಾದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬರುವ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಭಾಮನ ಪರೀಕ್ಷೆ ಇತ್ತು. ಊರಿಗೆಲ್ಲ ನೀರು ಬಿಡುವ ಮರಿಸಿದ್ದಯ್ಯನಿಗೆ ವಯಸ್ಸಾಗಿ, ಅವನ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದಿತ್ತು. ಎರಡು ವರ್ಷದಿಂದ ಭಾಮ ಅವನ ಹಿಂದೆ ಹಿಂದೆ ಓಡಾಡಿ ಕೆಲಸ ಕಲಿತಿದ್ದಳು. ಯಾವ ಬೀದಿಗೆ ಎಷ್ಟು ಸುತ್ತು ತಿರುಗಿಸಬೇಕು, ಯಾವ ಪೈಪು ಎಲ್ಲಿ ಕೆಮ್ಮುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ವಾಲ್ವುಗಳಿರುವುದು ನೀರಿನ ಟ್ಯಾಂಕಿನ ಕೆಳಗಿನ ಗುಂಡಿಯಲ್ಲಿ. ಗುಂಡಿಯ ಬಾಯಿ ದುಂಡಗೆ, ಕಬ್ಬಿಣದ ಅಂಚಿನದು, ಒಬ್ಬರು ಇಳಿಯುವಷ್ಟೇ ಅಗಲ. ಅದನ್ನು ಅಗಲ ಮಾಡಲು ಹೋದರೆ ಟ್ಯಾಂಕೇ ಕುಸಿಯುತ್ತದೆ ಎಂದು ಎಂಜಿನಿಯರು ಹೇಳಿಯಾಗಿದೆ. ಪರೀಕ್ಷೆಯೆಂದರೆ ಇಷ್ಟೇ: ಪುರಸಭೆಯ ಅಧ್ಯಕ್ಷರ ಎದುರಿಗೆ ಗುಂಡಿಗೆ ಇಳಿದು ಮೂಡಲ ಬೀದಿಗೆ ನೀರು ಬಿಡಬೇಕು. ಇಳಿಯಲಾಗದಿದ್ದರೆ ನಲವತ್ತು ವರ್ಷದ ಇನ್ನೊಬ್ಬ ಸಣಕಲು ಆಸಾಮಿ ಸಾಲಿನಲ್ಲಿದ್ದ. ಒಮ್ಮೆ ಅವನು ಸೇರಿದರೆ ಇಪ್ಪತ್ತು ವರ್ಷ ಆ ಜಾಗ ಖಾಲಿಯಾಗುವುದಿಲ್ಲ.

ಗುಂಡಿಯ ಬಾಯಿಯಷ್ಟೇ ಅಗಲದ ಪೀಪಾಯಿಯ ಬಳೆಯೊಂದನ್ನು ಭಾಮ ಗುಜರಿಯಿಂದ ತಂದಿದ್ದಳು. ದಿನಾ ಬೆಳಿಗ್ಗೆ ಅದನ್ನು ತಲೆಯಿಂದ ಹಾಕಿಕೊಂಡು ಕಾಲಿನಿಂದ ತೆಗೆಯುವಳು. ಶನಿವಾರ ಬಳೆ ಸಲೀಸಾಗಿ ಇಳಿಯಿತು. ಭಾನುವಾರ ಭುಜವನ್ನು ಓರೆ ಮಾಡಬೇಕಾಯಿತು. ಸೋಮವಾರ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಮಂಗಳವಾರ ಬಳೆ ಭುಜದ ಮೇಲೆ ಮಾಲೆಯ ಹಾಗೆ ಕೂತುಬಿಟ್ಟಿತು. ಅವಳು ಅದನ್ನು ಹಾಗೇ ಹಾಕಿಕೊಂಡು ಕನ್ನಡಿಯ ಮುಂದೆ ಕೈಮುಗಿದು ನಿಂತು, "ಸನ್ಮಾನ ಮಾಡ್ದಂಗಿದೆ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಚಂದ್ರಮೌಳಿಯವರ ಹತ್ತಿರ ಮಾತಾಡದೆ ಬಿಡಲಿಲ್ಲ. ಅವರು ಕೆಟ್ಟವರಲ್ಲ, ಅರವತ್ತೆರಡು ವಯಸ್ಸಿನ ಸಾಧು ಮನುಷ್ಯ. "ಸಾರ್, ಈ ವಾರ ಒಂದು ಆ ಸಾಲು ಬೇಡ" ಅಂದೆ.

"ನನಗೇನು ಖುಷೀನಾ ಪಂಕಜಾಕ್ಷಿ? ನನ್ನ ಮಗ ಪ್ರಹ್ಲಾದನೇ ಜಗಲಿಯಲ್ಲಿ ಮಲಗಿ ಕಾಲನ್ನ ರಸ್ತೆಗೆ ಚಾಚ್ತಾನೆ. ಆದ್ರೆ ಬೇರೆ ಯಾವ ಪದ ಅಲ್ಲಿ ಕೂರುತ್ತೆ ಹೇಳಿ?"

"ಕಳ್ಳರ ಅಂತ ಹಾಕೋಣ."

"ಒಂದು ಮೊಳೆ ಕಮ್ಮಿ ಆಗುತ್ತೆ. ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ."

"ಯಾರು ಅಂತ ಗೊತ್ತಿಲ್ಲ ಅಂತ ಹಾಕಿದ್ರೆ?"

"ಅದು ಎರಡು ಸಾಲು ಆಗುತ್ತೆ. ಮೇಲಾಗಿ, ಗೊತ್ತಿಲ್ಲ ಅನ್ನೋದಕ್ಕೆ ಜನ ಪತ್ರಿಕೆ ಯಾಕೆ ಕೊಳ್ತಾರೆ?"

ನಾನು ಹೋಗಿ ಮೂಲೆಯಿಂದ ಅದೇ ಸಾಲನ್ನು ಎತ್ತಿಕೊಂಡೆ. ಬುಧವಾರದ ಪತ್ರಿಕೆಯೂ ಹಾಗೇ ಬಂತು.

ಬುಧವಾರ ಸಂಜೆ ಮನೆಯಲ್ಲಿ ಒಂದು ಘಟನೆ ನಡೆಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಭಾಮ ಹೊರಗಿನಿಂದ ಬಂದು ಚೀಲವನ್ನು ಮೂಲೆಯಲ್ಲಿಟ್ಟು ಮುಖ ತೊಳೆಯಲು ಹೋದಳು. ಚೀಲ ಇಟ್ಟಾಗ ಒಳಗೆ ಕಣಕಣ ಎಂದಿತು. ನಾನು ಕೂತಲ್ಲೇ ಕೂತಿದ್ದೆ. ಅವಳು ಬಾಗಿಲಿನಲ್ಲಿ ಬಗ್ಗಿ ಬರುವಾಗ ಮನೆಯ ಬೆಳಕೇ ಅರ್ಧ ಕಮ್ಮಿಯಾಗಿತ್ತು, ಹೆಜ್ಜೆಗೆ ಲೋಟಗಳು ಅದುರಿದ್ದವು. ಇಷ್ಟು ದೊಡ್ಡವಳು ದಿನವಿಡೀ ಎಲ್ಲಿ ತಿರುಗುತ್ತಾಳೆ ಎಂದು ಮನಸ್ಸಿಗೆ ಬಂತು. ಎದ್ದುಹೋಗಿ ಚೀಲದೊಳಗೆ ಕೈ ಹಾಕಿದೆ. ನಟ್ಟು ತಿರುಗಿಸುವ ಎರಡು ಪಾನಾ, ಒಂದು ಸುತ್ತಿಗೆ, ಪೈಪಿಗೆ ಸುತ್ತುವ ದಾರದ ಉಂಡೆ, ಒಂದು ಪೊಟ್ಟಣ ಕಡಲೆಕಾಯಿ. ತಲೆಯೆತ್ತಿದರೆ ಬಚ್ಚಲ ಬಾಗಿಲಿನಲ್ಲಿ ಭಾಮ ನಿಂತಿದ್ದಳು, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. "ದೊಡ್ಡಮ್ಮ, ಆ ಸಾಲು ಕಟ್ಟಿಟ್ಟಿದ್ದು ನೀನೇ. ಊರೋರು ಹೋಗ್ಲಿ, ನೀನೂ ನಂಬ್ಬಿಟ್ಯಾ?" ಅಂದಳು. ಕೂಗಾಡಲಿಲ್ಲ. ಕಡಲೆಕಾಯಿ ಪೊಟ್ಟಣವನ್ನು ತೆಗೆದು ನನ್ನ ಮುಂದೆ ಇಟ್ಟು, "ನಿಂಗೇ ತಂದಿದ್ದು" ಎಂದು ಹಾಸಿಗೆ ಬಿಡಿಸಿಕೊಂಡು ಮಲಗಿದಳು. ಪೊಟ್ಟಣವನ್ನು ಬಿಚ್ಚದೆ ಹಾಗೇ ಗೂಡಿನಲ್ಲಿಟ್ಟೆ. ಹನ್ನೆರಡು ವರ್ಷ ಆ ಸಾಲನ್ನು ಎತ್ತಿ ಇಟ್ಟ ಕೈ ಇದು. ಅದರ ಹಿಂದೆ ಯಾವ ಸಾಕ್ಷಿಯೂ ಇಲ್ಲ, ಬರೀ ನನ್ನ ಸೋಮಾರಿತನ ಇದೆ ಎಂದು ಊರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿರಬೇಕಾದದ್ದು ನನಗೆ.

ಗುರುವಾರ ಬೆಳಿಗ್ಗೆ ಅಚ್ಚುಕೂಟಕ್ಕೆ ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿ, ನೇರವಾಗಿ ಮಾರ್ಕೆಟ್ಟಿನ ಸೈಕಲ್ ಸ್ಟ್ಯಾಂಡಿಗೆ ಹೋದೆ. ಎದುರಿನ ಹೂವಿನವಳ ಪಕ್ಕದಲ್ಲಿ ಕೂತು ಅವಳಿಗೆ ಮಲ್ಲಿಗೆ ಕಟ್ಟಿಕೊಡುತ್ತಾ ಕಾದೆ. ಉದ್ದುದ್ದದ ಹುಡುಗರು ಬಂದರು, ಮೊಣಕಾಲು ಕಿವಿಗೆ ತಾಗುವ ಹಾಗೆ ಸೈಕಲ್ ತುಳಿದುಕೊಂಡು ಹೋದರು. ಯಾರೂ ಬೆಲ್ಲು ಮುಟ್ಟಲಿಲ್ಲ. ಹನ್ನೊಂದರ ಹೊತ್ತಿಗೆ ನಿವೃತ್ತ ಪೋಸ್ಟ್‌ಮಾಸ್ಟರ್ ತಿರುನಾರಾಯಣ ಅವರು ಬಿಳೀ ಪಂಚೆ ಉಟ್ಟು, ಕೊಡೆ ಹಿಡಿದು ಬಂದರು. ಎಪ್ಪತ್ತಮೂರು ವರ್ಷ, ಊರಿನಲ್ಲಿ ಅವರಿಗೆ ಕೈಮುಗಿಯದವರಿಲ್ಲ. ಅವರು ಸೈಕಲ್ಲುಗಳ ಸಾಲಿನಲ್ಲಿ ನಿಧಾನವಾಗಿ ನಡೆಯುತ್ತಾ, ಕೊಡೆಯ ತುದಿಯಿಂದ ಒಂದೊಂದು ಬೆಲ್ಲನ್ನೂ ಮೆಲ್ಲಗೆ ತಟ್ಟಿ, ತಲೆ ವಾರೆ ಮಾಡಿ ಆಲಿಸಿದರು. ಆರನೆಯದಕ್ಕೆ ಮುಖ ಅರಳಿತು. ಅತ್ತಿತ್ತ ನೋಡಿ, ಬಟ್ಟಲನ್ನು ತಿರುಪಿ ಬಿಚ್ಚಿ, ಜೇಬಿಗೆ ಹಾಕಿಕೊಂಡು ನಡೆದೇಬಿಟ್ಟರು. ನನ್ನ ಕೈಯಲ್ಲಿದ್ದ ಮಲ್ಲಿಗೆ ಬುಟ್ಟಿಗೆ ಬಿತ್ತು.

ಹಿಂದೆಯೇ ಹೋದೆ. ಅವರು ಪಾರ್ಕಿಗೆ ಹೋದರು. ಅಲ್ಲಿ ಅವರ ವಯಸ್ಸಿನ ನಾಲ್ವರು ಕಲ್ಲುಬೆಂಚಿನ ಸುತ್ತ ಕೂತಿದ್ದರು. ನಡುವೆ ಹಳೆಯ ತೊಟ್ಟಿಲಿನ ಚೌಕಟ್ಟು, ಅದರಲ್ಲಿ ತಂತಿ ಬಿಗಿದು ಸೈಕಲ್ ಬೆಲ್ಲಿನ ಬಟ್ಟಲುಗಳನ್ನು ಸಾಲಾಗಿ ತೂಗುಹಾಕಿದ್ದರು. ತಿರುನಾರಾಯಣ ಅವರು ಹೊಸದನ್ನು ಕಟ್ಟಿ, ಎರಡು ಚಮಚ ಹಿಡಿದು ಬಾರಿಸಿದರು. ಸರಿಗಮಪದ ಎಂದು ಸ್ವರ ಮಧುರವಾಗಿ ಮೇಲೇರಿತು. ಏಳನೆಯ ಸ್ವರ 'ನಿ'ಗೆ ಬಂದಾಗ ಡಬ್ಬಿ ಬಡಿದ ಸದ್ದು. "ಇದೂ ನಿಷಾದ ಅಲ್ಲ ಕಣ್ರಯ್ಯ" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ನಾನು ಸೊಂಟಕ್ಕೆ ಕೈಕೊಟ್ಟು ಮುಂದೆ ನಿಂತೆ. "ಸಾರ್, ಇದೇನಿದು?"

ಅವರು ಚಮಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ನಲವತ್ತು ವರ್ಷ ಕಾಗದಕ್ಕೆ ಸೀಲು ಹೊಡೆದ ಕೈಯಮ್ಮ ಇದು. ಏನಾದ್ರೂ ಬಡೀದಿದ್ರೆ ಊಟ ಸೇರಲ್ಲ. ಸಪ್ತಸ್ವರ ಆದ್ಮೇಲೆ ಎಲ್ಲಾ ವಾಪಸ್ ಕೊಡೋಣ ಅಂತಾನೇ ಇದ್ವಿ."

"ಬೆಲ್ಲು ಹೋಯ್ತು ಅಂತ ದಿನಾ ಪತ್ರಿಕೆಯಲ್ಲಿ ಬರ್ತಿದೆ. ನೀವು ನೋಡಿಲ್ವಾ?"

"ನೋಡದೆ ಏನು. ಈಗಿನ ಹುಡುಗ್ರು ಕೈ ಮೀರಿ ಹೋಗ್ತಿದಾರೆ. ನಾನೇ ಮೊನ್ನೆ ಸಂಪಾದಕರಿಗೆ ಕಾಗದ ಬರೆದೆ."

ನಿಜ. ಆ ಕಾಗದವನ್ನು ಮಂಗಳವಾರ ಜೋಡಿಸಿದ ನೆನಪು ನನಗಿತ್ತು. "ಸಾರ್, ಬೆಲ್ಲು ತಗೊಂಡವರು ನೀವೇ ಅಲ್ವಾ?"

"ನಾವು ತಗೊಂಡಿದ್ದು ಹದಿಮೂರೇ ಹದಿಮೂರು. ಬಾಕಿದೆಲ್ಲ ಹುಡುಗ್ರು ಕದ್ದಿರೋದು."

"ಇವತ್ತಿನದೂ ಸೇರಿ ಊರಲ್ಲಿ ಒಟ್ಟು ಹೋಗಿರೋದೇ ಹದಿಮೂರು."

ಅವರು ತೂಗಾಡುತ್ತಿದ್ದ ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಉಳಿದ ನಾಲ್ವರೂ ಎಣಿಸಿದರು. ಆಮೇಲೆ ಬೆಂಚಿನ ಮೇಲೆ ಮೆಲ್ಲಗೆ ಕೂತು, "ಅಯ್ಯೋ, ಹಂಗಾದ್ರೆ ನನ್ನ ಮೊಮ್ಮಗನ್ನ ನಾನು ಒಂದು ವಾರದಿಂದ ಮಾತಾಡಿಸಿಲ್ವಲ್ಲ" ಅಂದರು. ಮುಖ ಚಿಕ್ಕದಾಗಿತ್ತು. ನಿನ್ನೆ ಸಂಜೆ ಚೀಲಕ್ಕೆ ಕೈ ಹಾಕಿದವಳಿಗೆ ಬೈಯುವ ಯೋಗ್ಯತೆಯಾದರೂ ಎಲ್ಲಿಂದ ಬರಬೇಕು?

ಭಾಮನ ಪರೀಕ್ಷೆಯ ವಿಷಯ ಹೇಳಿದೆ. ನಿಜ ಏನೆಂದು ನಾಳೆ ಅಚ್ಚಾಗಬೇಕು, ಅದಕ್ಕೆ ನೀವು ಒಪ್ಪಬೇಕು ಅಂದೆ. ಐವರೂ ತಲೆ ತಗ್ಗಿಸಿದರು. ಮರ್ಯಾದಸ್ಥರು, ಈ ವಯಸ್ಸಿನಲ್ಲಿ ಪತ್ರಿಕೆಯಲ್ಲಿ ಹೆಸರು ಬರುವುದೆಂದರೇನು? ಅಷ್ಟರಲ್ಲಿ ಅವರಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವರು ಕೇಳಿದರು: "ಅಮ್ಮ, ಅಚ್ಚಾದ್ರೆ ನಾವೂ ಬೆಳೀತೀವಾ?"

"ನಿಯಮ ಎಲ್ಲರಿಗೂ ಒಂದೇ ಇರಬೇಕು" ಅಂದೆ.

"ಬೆನ್ನೂ ನೆಟ್ಟಗಾಗುತ್ತಾ? ಮಂಡೀನೂ?"

"ಹುಡುಗರಿಗೆ ಆಗೋದು ನೋಡಿದ್ರೆ, ಅಷ್ಟೂ ಆಗ್ಬೇಕು."

ಅಲ್ಲಿಂದ ಮುಂದೆ ಅವರನ್ನು ಹಿಡಿಯುವುದೇ ಕಷ್ಟವಾಯಿತು. ಬಿಚ್ಚಿದ್ದು ತಿರುನಾರಾಯಣ ಆದರೂ ಕೊಡೆ ನನ್ನದು ಎಂದು ಒಬ್ಬರು, ತೊಟ್ಟಿಲು ನಮ್ಮ ಮನೆಯದು ಎಂದು ಇನ್ನೊಬ್ಬರು. ತಂತಿ ಬಿಗಿದವನು ನಾನು, ನನ್ನ ಹೆಸರನ್ನು ಮೊದಲು ಹಾಕಿ ಎಂದು ಮೂರನೆಯವರು. ತಪ್ಪೊಪ್ಪಿಗೆಯನ್ನು ಬರೆದು ಐವರೂ ಸಹಿ ಮಾಡಿದರು, ಒಬ್ಬರಂತೂ ಎರಡು ಸಲ.

ಆ ಕಾಗದ ಹಿಡಿದು ಅಚ್ಚುಕೂಟಕ್ಕೆ ಬಂದೆ. ಚಂದ್ರಮೌಳಿಯವರು ಓದಿ ಕನ್ನಡಕ ಒರೆಸಿಕೊಂಡರು. "ಚಂದಾ ಕಟ್ಟೋರೆಲ್ಲ ಆ ವಯಸ್ಸಿನೋರೇ ಪಂಕಜಾಕ್ಷಿ. ಒಳಪುಟದಲ್ಲಿ ಸಣ್ಣದಾಗಿ ಹಾಕೋಣ. ತಲೆಬರಹ ಕೂರಲ್ಲ."

"ಕೂರುತ್ತೆ ಸಾರ್" ಅಂದೆ. ಮೂಲೆಯಿಂದ ಆ ಸಾಲನ್ನು ತಂದು ಅವರ ಎದುರಿಗೇ ದಾರವನ್ನು ಕತ್ತರಿಸಿದೆ. ಸೀಸದ ಮೊಳೆಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು, ಉಗುರು ಹಾಕಿ ಬಿಡಿಸಿದೆ. ಯು, ವ, ಕ, ರ. ನಾಲ್ಕನ್ನು ತೆಗೆದು ಖಾನೆಗೆ ಹಾಕಿದೆ. ಹಿ, ರಿ, ಯ, ರ. ಬೇರೆ ನಾಲ್ಕನ್ನು ಹೆಕ್ಕಿ ಅದೇ ಜಾಗದಲ್ಲಿ ಇಟ್ಟೆ. ಶಂಕೆಯ ಮೂರು ಮೊಳೆ ತೆಗೆದೆ, ಖಚಿತ ಎಂದು ಮೂರು ಇಟ್ಟೆ. 'ಹಿರಿಯರ ಕೈವಾಡ ಖಚಿತ'. ಕಾಲಂನಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಇಬ್ಬರೂ ಅದನ್ನು ನೋಡುತ್ತಾ ನಿಂತೆವು. ಹನ್ನೆರಡು ವರ್ಷದಲ್ಲಿ ಬೇರೊಂದು ಪದ ಇಟ್ಟು ನೋಡಬಹುದೆಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಚಂದ್ರಮೌಳಿಯವರು, "ಮೊದಲ ಪುಟಕ್ಕೇ ಹಾಕಿ. ಹುಡುಗರದು ತಪ್ಪಿಲ್ಲ, ತಪ್ಪು ನಮ್ಮದು ಅಂತ ಕೆಳಗೆ ಒಂದು ಮಾತು ಸೇರಿಸಿ" ಅಂದರು. ಆ ಒಂದು ಮಾತನ್ನು ನಾನು ಎಂಟು ಸಾಲು ಜೋಡಿಸಿದೆ. ಅವರು ಎಣಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ನಮ್ಮೂರು ಕಂಡದ್ದನ್ನು ಹಿಂದೆ ಯಾರೂ ಕಂಡಿರಲಿಲ್ಲ. ಏಳೂವರೆಗೆ ಅರವತ್ತು ದಾಟಿದವರೆಲ್ಲ ಬೆಳೆಯತೊಡಗಿದರು. ಗೂನು ಬೆನ್ನುಗಳು ನೆಟ್ಟಗಾದವು. ಊರುಗೋಲುಗಳು ಕೈಗೆ ಗಿಡ್ಡವಾದವು, ಅವನ್ನು ಬೀಸಿ ಬೇಲಿಯಾಚೆ ಎಸೆದರು. ಸೊಸೆಯಂದಿರು ಮೇಲಿನ ಗೂಡಿನಲ್ಲಿ ಬಚ್ಚಿಟ್ಟಿದ್ದ ಕೊಬ್ಬರಿ ಮಿಠಾಯಿ ಮಾವಂದಿರ ಕೈಗೆ ಸಲೀಸಾಗಿ ಸಿಕ್ಕಿತು. ಚಂದ್ರಮೌಳಿಯವರು ಅಚ್ಚುಕೂಟದ ಬಾಗಿಲಿಗೆ ತಲೆ ತಾಗಿಸಿಕೊಂಡು, ತಾವೂ ಹಿರಿಯರೇ ಎಂದು ಆಗ ತಿಳಿದು ಕೂತರು. ಚಕ್ಕುಲಿ ಅಂಗಡಿಯವನು ಪಂಚೆ ಉಟ್ಟ ಆರಡಿಯ ತಾತನನ್ನು ಕಂಡು ಡಬ್ಬಿಯನ್ನು ಒಳಗೆ ಸರಿಸಿದ. ಪೋಸ್ಟ್‌ಮಾಸ್ಟರರ ಸೊಸೆ ಬೆಳ್ಳಿಲೋಟ ಎಣಿಸಿಟ್ಟಳಂತೆ. ಅವರಿಗೆ ಅದರಿಂದ ಬೇಸರವಾಯಿತೋ ಏನೋ, ಮೊಮ್ಮಗನ ಹೆಗಲ ಮೇಲೆ ಕೈಹಾಕಿಕೊಂಡು ನೇರವಾಗಿ ಬೀದಿಗೆ ಬಂದರು.

ಹುಡುಗರು ಇಳಿಯುತ್ತಿದ್ದರು. ದಿನಕ್ಕೆ ಒಂದು ಬೆರಳಲ್ಲ, ನೋಡನೋಡುತ್ತಲೇ. ಹೀಗೂ ಆಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಯಾಕೆಂದರೆ ತಪ್ಪು ನಮ್ಮದು ಎಂದು 'ಊರಗಣ್ಣು' ಒಂದು ದಿನವೂ ಅಚ್ಚು ಮಾಡಿರಲಿಲ್ಲ. ಓದಿದವರು ಹೆಚ್ಚಿದಂತೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಪ್ಯಾಂಟುಗಳು ಸಡಿಲವಾದವು, ಹುಡುಗಿಯರು ಲಂಗ ಹಿಡಿದುಕೊಂಡು ಕಿಲಕಿಲ ನಗುತ್ತಾ ಮನೆಗೆ ಓಡಿದರು. ಓದಲು ಬಾರದವರಿಗೆ ಹೂವಿನವಳು ಕಟ್ಟೆಯ ಮೇಲೆ ನಿಂತು ಯಾರಿಂದಲೋ ಓದಿಸಿದಳು.

ಹತ್ತಕ್ಕೆ ಟ್ಯಾಂಕಿನ ಹತ್ತಿರ ಜನ ಸೇರಿದ್ದರು. ಪುರಸಭೆಯ ಅಧ್ಯಕ್ಷರು, ಮರಿಸಿದ್ದಯ್ಯ, ಆ ಸಣಕಲು ಆಸಾಮಿ, ಕಲ್ಲುಬೆಂಚಿನ ಐವರೂ ಎತ್ತರಕ್ಕೆ ನಿಂತು. ಭಾಮ ಲಂಗವನ್ನು ಎತ್ತಿ ಕಟ್ಟಿ, ಒಳಗೆ ಹಾಕಿದ್ದ ಪೈಜಾಮದಲ್ಲಿ ಗುಂಡಿಗೆ ಇಳಿದಳು. ಕಾಲು ಹೋಯಿತು, ಸೊಂಟ ಹೋಯಿತು. ಭುಜಕ್ಕೆ ಬಂದು ನಿಂತಳು. ಓರೆ ಮಾಡಿದಳು, ಉಸಿರು ಬಿಟ್ಟಳು, ಆಗಲಿಲ್ಲ. ಒಂದು ಬೆರಳಿನಷ್ಟು ಅಂತರ, ಅಷ್ಟೇ. ಮರಿಸಿದ್ದಯ್ಯ ಕೂತಲ್ಲಿಂದ ಎದ್ದ. ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಊರೆಲ್ಲ ಓದಿಯಾಯ್ತು, ಇನ್ನು ಇಳಿಯೋದು ಇಷ್ಟೇ ಅಂತ ಕಾಣುತ್ತಮ್ಮ. ಮೇಲಕ್ಕೆ ಬಾ" ಅಂದರು.

ಭಾಮ ಬರಲಿಲ್ಲ. ಕಬ್ಬಿಣದ ಅಂಚಿನ ಮೇಲೆ ಎರಡೂ ಕೈ ಊರಿಕೊಂಡು ಸುತ್ತ ನೋಡಿದಳು. ನನ್ನನ್ನು ಕಂಡಳು. "ದೊಡ್ಡಮ್ಮ, ಪೇಪರ್ ಓದಿದ್ಯಾ?"

"ನಾನೇ ಅಲ್ವೇನೇ ಜೋಡಿಸಿದ್ದು?"

"ಜೋಡಿಸಿದ್ದು ಗೊತ್ತು. ಓದಿದ್ಯಾ?"

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಮೊಳೆ ಜೋಡಿಸುವವಳು ಓದುವುದಿಲ್ಲ. ಅಕ್ಷರಗಳನ್ನು ತಿರುವುಮುರುವಾಗಿ, ಒಂದೊಂದಾಗಿ ಹೆಕ್ಕುತ್ತಾಳೆ. ದೀರ್ಘ ಬಿಟ್ಟುಹೋಯಿತೇ, ಒತ್ತಕ್ಷರ ಮುರಿಯಿತೇ ಎಂದು ನೋಡುತ್ತಾಳೆ. ಮಾರನೆಯ ದಿನ ಪತ್ರಿಕೆ ಬಂದರೆ ಅದರಲ್ಲಿ ಸೊಪ್ಪು ಸುತ್ತುತ್ತಾಳೆ. ಅವತ್ತೂ ನಾನು ಹಾಗೇ ಮಾಡಿದ್ದೆ. ಬುಧವಾರ ಸಂಜೆಯ ಅನುಮಾನ ನನ್ನೊಳಗೆ ಎಲ್ಲಿತ್ತೋ ಅಲ್ಲೇ ಇತ್ತು, ಅದರ ಮೇಲೆ ನಾಚಿಕೆಯನ್ನು ಹೊದಿಸಿದ್ದೆ ಅಷ್ಟೆ.

ತಿರುನಾರಾಯಣ ಅವರು ಮೇಲಿನಿಂದ ಬಗ್ಗಿ ತಮ್ಮ ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ಗುಂಡಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಶಾಲೆಯ ಮಗುವಿನ ಹಾಗೆ ಪದಪದಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಹಿರಿಯರ ಕೈವಾಡ ಖಚಿತ. ಬೆಲ್ಲುಗಳನ್ನು ತೆಗೆದವರು ಇಂಥವರು. ಊರಿನ ಹುಡುಗ ಹುಡುಗಿಯರು ಯಾರೂ ಇದರಲ್ಲಿ ಇಲ್ಲ. ಹನ್ನೆರಡು ವರ್ಷದಿಂದ ಈ ಪತ್ರಿಕೆ ವಿಚಾರಿಸದೆ ಅವರ ಮೇಲೆ ಹೊರಿಸಿದ್ದು ತಪ್ಪು. ಇಲ್ಲಿಗೆ ಬಂದಾಗ ಅಕ್ಷರ ಮಸುಕಾಯಿತು. ಕಣ್ಣೊರೆಸಿಕೊಂಡು, ಅಚ್ಚಾಗದೆ ಇದ್ದದ್ದನ್ನೂ ಓದಿದೆ: "ಮನೆಯಲ್ಲಿ ಸಾಕಿದ ಮಗುವಿನ ಚೀಲಕ್ಕೆ ಕೈ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಭಾಮ, ನಾನು ಹಾಗೆ ಮಾಡಬಾರದಿತ್ತು ಕಣೆ."

ಪತ್ರಿಕೆ ಕೆಳಗಿಟ್ಟು ನೋಡಿದೆ. ಗುಂಡಿಯ ಬಾಯಲ್ಲಿ ಯಾರೂ ಇರಲಿಲ್ಲ. ಮೂಡಲ ಬೀದಿಯ ಹೆಂಗಸರು ನೀರು ಬಂತು ಎಂದು ಕೂಗಿಕೊಂಡು ಕೊಡ ಹಿಡಿದು ಓಡುತ್ತಿದ್ದರು.